ಮೊದಲ ಬೈಕಿಗೆ ನಾಲ್ಕು ಪರೀಕ್ಷೆ



ಮನೆಯಲ್ಲಿ ಹದಿನೆಂಟು ತುಂಬಿದವರು ಒಬ್ಬರಿದ್ದರೆ ಸಾಕು, ಊಟದ ಹೊತ್ತಿನ ಮಾತು ತಾನಾಗಿಯೇ ಬೈಕಿನ ಕಡೆ ತಿರುಗುತ್ತದೆ. ಅಪ್ಪ ಮೈಲೇಜ್ ಎಷ್ಟು ಎನ್ನುತ್ತಾನೆ. ಅಮ್ಮ ಹೆಲ್ಮೆಟ್ ಎನ್ನುತ್ತಾಳೆ. ಅಜ್ಜಿ ‘ಬಸ್ಸಿಗೇನಾಗಿದೆ ಧಾಡಿ?’ ಎನ್ನುತ್ತಾಳೆ. ಹದಿನೆಂಟು ತುಂಬಿದವರು ಮಾತ್ರ ಏನೂ ಹೇಳದೆ ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ. ಮೊದಲ ಸಲ ಓಡಿಸುವವರಿಗೆ ಎಂಥ ಬೈಕು ಕೊಡಿಸಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನಮ್ಮ ಮನೆಯಲ್ಲಿ ಈ ವ್ಯಾಜ್ಯ ಈಗಷ್ಟೇ ತೀರ್ಮಾನವಾಗಿದೆ. ಅದನ್ನೇ ಹೇಳುತ್ತೇನೆ.

ಬೈಕು ಬೇಕಾಗಿದ್ದುದು ನನ್ನ ಮೊಮ್ಮಗಳಿಗೆ. ಹತ್ತೊಂಬತ್ತು ವರ್ಷ, ಐದಡಿ ಎರಡಂಗುಲ ಎತ್ತರ, ಐವತ್ತು ಕಿಲೋ ತೂಕ. ಬನ್ನೂರಿನಿಂದ ಮೈಸೂರಿಗೆ ಲ್ಯಾಬ್ ತರಬೇತಿಗೆ ಹೋಗುತ್ತಾಳೆ. ಬೆಳಗಿನ ಪಾಳಿ ಬಿದ್ದರೆ ಬಸ್ಸಿನ ಹೊತ್ತು ಹೊಂದುವುದಿಲ್ಲ. ಎರಡು ಪಾಳಿ ತಪ್ಪಿಸಿಕೊಂಡರೆ ತರಬೇತಿಯೇ ಕೈಬಿಟ್ಟುಹೋಗುವ ಪರಿಸ್ಥಿತಿ. ‘ಹುಡುಗಿಗೆ ಸ್ಕೂಟರ್ ಸಾಕು’ ಎಂದು ಅರ್ಧ ಮನೆ ಹೇಳಿತು. ಅವಳು ಗೇರು ಇರುವ ಬೈಕೇ ಬೇಕು ಎಂದಳು. ಕಾರಣ ಕೇಳಿದರೆ ಚಕ್ರ ತೋರಿಸಿದಳು. ಸ್ಕೂಟರಿನ ಚಕ್ರ ಸಾಮಾನ್ಯವಾಗಿ 10 ಅಥವಾ 12 ಅಂಗುಲ, ಬೈಕಿನದು 17 ಅಥವಾ 18 ಅಂಗುಲ. ಚಿಕ್ಕ ಚಕ್ರ ಗುಂಡಿಯೊಳಕ್ಕೆ ಇಳಿಯುತ್ತದೆ, ದೊಡ್ಡದು ಬಹುಮಟ್ಟಿಗೆ ಗುಂಡಿಯ ಮೇಲೆ ದಾಟಿಕೊಳ್ಳುತ್ತದೆ. ದಿನಕ್ಕೆ ಎರಡು ಸಲ ಇಪ್ಪತ್ತೈದು ಕಿಲೋಮೀಟರು, ಕಬ್ಬಿನ ಟ್ರ್ಯಾಕ್ಟರು ಓಡಾಡುವ ದಾರಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗೆ ಈ ವಾದದಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಮುಂದೆ ಹೋಗುವ ಮೊದಲು ಶಾಲೆಯ ಮಕ್ಕಳಿಗೆ ಒಂದು ಮಾತು. ಗೇರಿನ ಬೈಕು ಓಡಿಸಲು 18 ತುಂಬಿರಬೇಕು. ಮೊದಲು ಕಲಿಕಾ ಲೈಸೆನ್ಸ್, ಅದು ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಕಳೆದ ಮೇಲೆ ಪರೀಕ್ಷೆ ಕೊಟ್ಟು ಪಕ್ಕಾ ಲೈಸೆನ್ಸ್ ಪಡೆಯಬಹುದು. ‘ಅಂಗಡಿಗೆ ಹೋಗಿ ಬರ್ತೀನಿ ತಾತ, ಕೀ ಕೊಡಿ’ ಎಂದು ಒಂಬತ್ತನೇ ಕ್ಲಾಸಿನವರು ಕೇಳಿದರೆ ಅಜ್ಜ ಅಜ್ಜಿಯರು ಕರಗಬಾರದು. 2019ರ ತಿದ್ದುಪಡಿಯ ನಂತರ, ವಯಸ್ಸಾಗದ ಮಕ್ಕಳು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ. ಕೀ ಮೊಳೆಯ ಮೇಲೇ ಇರಲಿ.

ಸರಿ, ಮೊಮ್ಮಗಳ ಮುಂದೆ ಮೂರು ಬೈಕುಗಳಿದ್ದವು. ಒಂದು, ಅವಳ ಸೋದರಮಾವನ 350 ಸಿಸಿ ಬೈಕು. ಅವನು ಕಾರು ತೆಗೆದುಕೊಂಡ ಮೇಲೆ ಅದು ಶೆಡ್ಡಿನಲ್ಲಿ ನಿಂತಿತ್ತು. ‘ಸುಮ್ಮನೆ ತಗೊಂಡು ಹೋಗು, ಒಂದು ಪೈಸೆ ಬೇಡ’ ಎಂದ. ಎರಡು, ಗೆಳತಿಯ ಅಣ್ಣ ಹೊಗಳಿದ, ರೇಸಿನವರಂತೆ ಬಾಗಿ ಕೂರುವ 400 ಸಿಸಿ ಹತ್ತಿರದ ಬೈಕು. ಮೂರು, ಊರಿನ ಮೇಷ್ಟ್ರು, ಹಾಲಿನವರು, ಪೋಸ್ಟ್‌ಮನ್ ಎಲ್ಲರೂ ಓಡಿಸುವಂಥ 125 ಸಿಸಿ ಬೈಕು. ಬಿಟ್ಟಿಯಾಗಿ ಬಂದದ್ದನ್ನು ಬೇಡ ಎಂದರೆ ಮಾವನಿಗೆ ಬೇಜಾರು. ತೆಗೆದುಕೊಂಡರೆ ಅಜ್ಜಿಗೆ ನಿದ್ದೆ ಇಲ್ಲ. ಆದ್ದರಿಂದ ನಾನು, ಹಳೆಯ ಅಭ್ಯಾಸದಂತೆ, ಪರೀಕ್ಷೆ ಇಡೋಣ ಎಂದೆ. ಕಾಲು, ತೋಳು, ಬ್ರೇಕು, ಪರ್ಸು. ನಾಲ್ಕರಲ್ಲೂ ಪಾಸಾದ ಬೈಕು ಮನೆಗೆ.

ಕಾಲಿನ ಪರೀಕ್ಷೆ ಸುಲಭ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ನೆಟ್ಟಗೆ ಹಿಡಿದು ಸೀಟಿನ ಮೇಲೆ ಕೂರಬೇಕು, ದಿನಾ ಹಾಕುವ ಚಪ್ಪಲಿ ಅಥವಾ ಬೂಟಿನಲ್ಲೇ. ಎರಡು ಪಾದವೂ ನೆಲಕ್ಕೆ ಚೆನ್ನಾಗಿ ಊರಬೇಕು. ಅನುಭವಸ್ಥರು ತುದಿಗಾಲಿನಲ್ಲಿ ನಿಭಾಯಿಸುತ್ತಾರೆ. ಹೊಸಬರು ಬೀಳುವುದು ಹೆಚ್ಚಾಗಿ ವೇಗದಲ್ಲಲ್ಲ, ಸಿಗ್ನಲ್ಲಿನಲ್ಲಿ ನಿಲ್ಲಿಸುವಾಗ, ಮರಳಿನ ಮೇಲೆ ತಿರುಗಿಸುವಾಗ. ಆಗ ಕಾಲಿಗೆ ನೆಲ ಸಿಗದಿದ್ದರೆ ಬೈಕು ವಾಲುತ್ತದೆ, ವಾಲಿದ್ದನ್ನು ತಡೆಯಲು ಆಗುವುದಿಲ್ಲ. 125ರಲ್ಲಿ ಅವಳ ಪಾದ ಪೂರ್ತಿ ಊರಿತು. ಮಾವನ ಬೈಕಿನಲ್ಲಿ ಹಿಮ್ಮಡಿ ಸ್ವಲ್ಪ ಮೇಲೆದ್ದಿತು. ಮೂರನೆಯದರಲ್ಲಿ ತುದಿಗಾಲು ಮಾತ್ರ ತಾಗಿತು.

ತೋಳಿನ ಪರೀಕ್ಷೆ ಎಂದರೆ ತೂಕದ ಪರೀಕ್ಷೆ. ಎಂಜಿನ್ ಆರಿಸಿ, ಬೈಕನ್ನು ಅಂಗಳದಿಂದ ರಸ್ತೆಗೆ ಹಿಂದಕ್ಕೆ ತಳ್ಳಿ, ತಿರುಗಿಸಿ, ಮತ್ತೆ ಒಳಗೆ ತರಬೇಕು. ಯಾರೂ ಕೈ ಹಾಕುವಂತಿಲ್ಲ. 125 ಸಿಸಿ ಬೈಕು ಸುಮಾರು 115 ಕಿಲೋ, ಅಂದರೆ ಅವಳ ತೂಕದ ಎರಡು ಪಟ್ಟಿಗಿಂತ ತುಸು ಹೆಚ್ಚು. ಮಾವನದು 195 ಕಿಲೋ ಹತ್ತಿರ, ಹೆಚ್ಚುಕಡಿಮೆ ನಾಲ್ಕು ಪಟ್ಟು. ನಮ್ಮ ಅಂಗಳದ ಇಳಿಜಾರಿನಲ್ಲಿ ಅದನ್ನು ಅವಳು ಅರ್ಧ ತಳ್ಳಿ ನಿಂತಳು. ಮಾವ ಸಹಾಯಕ್ಕೆ ಓಡಿಬಂದ. ‘ನೀನು ದಿನಾ ಬೆಳಿಗ್ಗೆ ಐದಕ್ಕೆ ಬಂದು ತಳ್ಳುತ್ತೀಯಾ ಮಾವ?’ ಎಂದು ಅವಳು ಕೇಳಿದಾಗ ಅವನಿಗೂ ನಗು ಬಂತು. ಆ ಬೈಕು ಓಡಿಸಬಲ್ಲ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಇಲ್ಲಿ ಲೆಕ್ಕಕ್ಕೆ ಬಂದದ್ದು ಅವಳ ಎತ್ತರ, ಅವಳ ತೂಕ, ಅವಳ ಮೊದಲ ವರ್ಷ. ಐವತ್ತು ಕಿಲೋದ ಹುಡುಗನಿಗೂ ಇದೇ ಫಲಿತಾಂಶ ಬರುತ್ತಿತ್ತು.

ತೂಕದ ಜೊತೆ ಶಕ್ತಿಯನ್ನೂ ನೋಡಬೇಕು. ಎಂಜಿನ್ನಿನ ಬಲವನ್ನು ಅಶ್ವಶಕ್ತಿಯಲ್ಲಿ ಹೇಳುತ್ತಾರಲ್ಲ, ಒಂದೊಂದು ‘ಕುದುರೆ’ ಎಷ್ಟು ಕಿಲೋ ಎಳೆಯಬೇಕು ಎಂದು ಭಾಗಿಸಿ ನೋಡಿ. 125ರಲ್ಲಿ ಸುಮಾರು 11 ಕುದುರೆ, ಒಂದೊಂದಕ್ಕೆ ಹತ್ತು ಕಿಲೋಗಿಂತ ಜಾಸ್ತಿ. ಆ ರೇಸಿನಂಥ ಬೈಕಿನಲ್ಲಿ 40ಕ್ಕೂ ಹೆಚ್ಚು ಕುದುರೆ, ಬೈಕಿನ ತೂಕ 170 ಕಿಲೋ ಆಸುಪಾಸು, ಒಂದೊಂದಕ್ಕೆ ನಾಲ್ಕು ಕಿಲೋ. ಭಾರವಿಲ್ಲದ ಕುದುರೆ ಹೇಗೆ ಜಿಗಿಯುತ್ತದೆ ಯೋಚಿಸಿ. ಹೊಸಬರ ಬಲಗೈ ಗುಂಡಿಯ ಕುಲುಕಿಗೆ ತಾನಾಗಿಯೇ ಆಕ್ಸಿಲರೇಟರ್ ತಿರುಗಿಸಿಬಿಡುತ್ತದೆ. 125 ಆದರೆ ‘ಗುರ್’ ಎನ್ನುತ್ತದೆ ಅಷ್ಟೆ. ಇನ್ನೊಂದು ಮುಂದಿನ ಗಾಡಿಯ ಹಿಂಭಾಗಕ್ಕೇ ಹೋಗಿ ನಿಂತೀತು.

ಈಗ ಬ್ರೇಕಿನ ಪರೀಕ್ಷೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಬ್ರೇಕು ಜೋರಾಗಿ ಹಿಡಿದಾಗ ಚಕ್ರ ಉರುಳುವುದನ್ನು ನಿಲ್ಲಿಸಿ ಜಾರದಂತೆ ಅದು ನೋಡಿಕೊಳ್ಳುತ್ತದೆ. 125 ಸಿಸಿವರೆಗಿನವಕ್ಕೆ ಕನಿಷ್ಠ ಸಿಬಿಎಸ್ ಇರಬೇಕು ಎಂದು ಆಗ ನಿಯಮವಾಯಿತು. ಇದರಲ್ಲಿ ಸಾಮಾನ್ಯವಾಗಿ ಹಿಂದಿನ ಬ್ರೇಕು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಮುಂದಿನ ಬ್ರೇಕೇ ಮುಖ್ಯ. ಬಸ್ಸು ಗಕ್ಕನೆ ನಿಂತಾಗ ನೀವು ಮುಂದಕ್ಕೆ ವಾಲುತ್ತೀರಲ್ಲ, ಹಾಗೆಯೇ ಬೈಕಿನ ಭಾರವೂ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಭಾರ ಬಿದ್ದ ಚಕ್ರಕ್ಕೇ ಹಿಡಿತ ಹೆಚ್ಚು. ಮುಂದೆ ಡಿಸ್ಕ್ ಬ್ರೇಕು ಇರುವ ಮಾದರಿಗೆ ಸ್ವಲ್ಪ ಹೆಚ್ಚು ದುಡ್ಡಾದರೂ ಅದೇ ಇರಲಿ ಎಂದೆ.

ಆದರೆ ಎಂಥ ಬ್ರೇಕಿಗೂ ಜಾಗ ಬೇಕು. ಎಂಟನೇ ಕ್ಲಾಸಿನ ಮೊಮ್ಮಗನನ್ನು ಕರೆದು ಲೆಕ್ಕ ಮಾಡಿಸಿದೆ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರು. ಎದುರಿಗೆ ಕರು ಬಂತು ಎಂದು ಕಣ್ಣು ಕಂಡು, ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡು ಎಂದುಕೊಳ್ಳಿ. 11 ಮೀಟರು ಅಲ್ಲೇ ಹೋಯಿತು. ಒಣ ಡಾಂಬರು, ಒಳ್ಳೆಯ ಟೈರು ಇದ್ದರೆ ಬ್ರೇಕು ಹಿಡಿದ ಮೇಲೆ ಇನ್ನು ಸುಮಾರು 10 ಮೀಟರು. ಒಟ್ಟು 21. ಅದೇ 60ರ ವೇಗದಲ್ಲಿ 17 ಮತ್ತು 23, ಒಟ್ಟು 40. ವೇಗ 80 ಆದರೆ 22 ಮತ್ತು 41, ಒಟ್ಟು 63 ಮೀಟರು. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟು. ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು.

ಹಾಳೆಯ ಮೇಲಿನ ಲೆಕ್ಕ ಯಾರಿಗೂ ನಾಟಲಿಲ್ಲ. ಬಾವಿಯ ಹಗ್ಗ ತಂದು ದೇವಸ್ಥಾನದ ಮುಂದಿನ ಬಯಲಿನಲ್ಲಿ ಅಳತೆ ಹಾಕಿದೆವು. ಮೊಮ್ಮಗಳು ಒಂದು ಕಡೆ ನಿಂತಳು. ತಮ್ಮ 21 ಮೀಟರಿನಲ್ಲಿ ಸುಣ್ಣದ ಗೆರೆ ಎಳೆದ, 40ರಲ್ಲಿ ಒಂದು, 63ರಲ್ಲಿ ಒಂದು ಎಳೆದು ಅಲ್ಲೇ ನಿಂತ. ಅಷ್ಟು ದೂರಕ್ಕೆ ಹುಡುಗ ಚಿಕ್ಕವನಾಗಿ ಕಂಡ. ನನ್ನಾಕೆ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದವಳು, ‘ಅಲ್ಲಿವರೆಗೂ ನಿಲ್ಲೋದಿಲ್ಲವಾ ಅದು?’ ಎಂದು ಎದ್ದು ಬಂದಳು. ಮೂರೂ ಗೆರೆ ನಡೆದು ನೋಡಿದಳು. ಮೊದಲ ಗೆರೆಯ ಹತ್ತಿರ ನಿಂತು ಮೊಮ್ಮಗಳಿಗೆ ಹೇಳಿದಳು: ‘ನೀನು ಇಲ್ಲಿ ನಿಲ್ಲೋ ಹಾಗೆ ಓಡಿಸ್ತೀಯ ಅಂದ್ರೆ ನನ್ನ ಡೆಪಾಸಿಟ್ ಮುರಿಸ್ತೀನಿ.’ ಎರಡು ತಿಂಗಳಿಂದ ‘ಬೇಡ’ ಎಂಬ ಒಂದೇ ಮಾತು ಆಡುತ್ತಿದ್ದವಳು ಅವಳು. ಮೊಮ್ಮಗಳು ಕೂಡಲೇ ‘ಹೂಂ’ ಎನ್ನಲಿಲ್ಲ. ಗೆರೆಗಳನ್ನು ಇನ್ನೊಮ್ಮೆ ನೋಡಿ, ಆಮೇಲೆ ಹೂಂ ಎಂದಳು. ಆ ತಡ ನನಗೆ ಹಿಡಿಸಿತು.

ಕೊನೆಗೆ ಪರ್ಸಿನ ಪರೀಕ್ಷೆ. ಷೋರೂಮಿನ ಬೋರ್ಡಿನ ಮೇಲಿನ ಬೆಲೆ ಪೂರ್ತಿ ಬೆಲೆಯಲ್ಲ. ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರಿಸಬೇಕು. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಆಮೇಲೆ ಐಎಸ್‌ಐ ಗುರುತಿರುವ ಹೆಲ್ಮೆಟ್, ಕೈಗವಸು, ಮಳೆಕೋಟು, ಮೈ ಮುಚ್ಚುವ ಗಟ್ಟಿ ಬೂಟು. ಇವನ್ನೆಲ್ಲ ಮೊದಲು ಬರೆದುಕೊಂಡು, ಉಳಿದ ದುಡ್ಡಿನಲ್ಲಿ ಬೈಕು ಹುಡುಕಿ. ಹೆಲ್ಮೆಟ್ ತಲೆಗೆ ಬಿಗಿಯಾಗಿ ಕೂರಬೇಕು. ಪಟ್ಟಿ ಹಾಕಿ ತಲೆ ಅಲ್ಲಾಡಿಸಿದರೆ ಅದು ತಲೆಯ ಜೊತೆಯೇ ತಿರುಗಬೇಕು, ತಾನೊಂದು ಕಡೆ ತಿರುಗಬಾರದು. ಪಟ್ಟಿ ಹಾಕದ ಹೆಲ್ಮೆಟ್ ಟೋಪಿಗೆ ಸಮ.

ಹಳೆಯ ಬೈಕು ಕೊಳ್ಳುವುದಾದರೆ ಅದೂ ಒಳ್ಳೆಯದೇ. ಹೊಸಬರು ಒಂದೆರಡು ಸಲ ಬೀಳಿಸುವುದು ಸಹಜ, ಹಳೆಯದಾದರೆ ಹೊಟ್ಟೆ ಉರಿಯುವುದಿಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಬೈಕಿನ ಮೇಲೆ ಕೆತ್ತಿರುವುದಕ್ಕೆ ಹೊಂದಬೇಕು. ಸಾಲ ಇದ್ದರೆ ತೀರಿದ ಪತ್ರ ಬೇಕು. ಆರ್‌ಸಿ ನಿಮ್ಮ ಹೆಸರಿಗೆ ಆಗಲೇಬೇಕು. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ.

ಮೈಸೂರಿನ ಹಿರಿಯರಿಗೆ ಮಾತು ಇಲ್ಲಿಗೆ ಬಂದರೆ ಯಾದವಗಿರಿಯ ಜಾವಾ ಕಾರ್ಖಾನೆ ನೆನಪಾಗದೆ ಇರದು. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಕಾರ್ಖಾನೆ ಅದು. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಕಿಕ್ ಹೊಡೆಯುವ ಪೆಡಲೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರು ಆಗುತ್ತಿತ್ತು! ‘ಅವುಗಳಲ್ಲೇ ನಾವು ಕಲಿತಿಲ್ಲವೇ?’ ಎಂದು ನನ್ನ ಓರಗೆಯವರು ಕೇಳಬಹುದು. ಕಲಿತೆವು ನಿಜ. ಆಗ ಇಡೀ ರಸ್ತೆಯಲ್ಲಿ ನಾಲ್ಕು ಗಾಡಿಗಳಿದ್ದವು.

125 ಮನೆಗೆ ಬಂತು. ತರುವ ದಿನ ಅಜ್ಜಿ ಷೋರೂಮಿಗೆ ತಾನೇ ಬಂದು ಹಿಂದಿನ ಸೀಟನ್ನು ಪರೀಕ್ಷೆ ಮಾಡಿದಳು. ಹಿಡಿಯಲು ಹಿಡಿಕೆ, ಕಾಲಿಡಲು ಜಾಗ, ಸೀರೆ ಚಕ್ರಕ್ಕೆ ಸಿಗದಂತೆ ಕವಚ, ಮೂರನ್ನೂ ನೋಡಿದಳು. ಇವು ಮೂರೂ ಕಾನೂನಿನಲ್ಲೇ ಇರುವವು, ಆದ್ದರಿಂದ ‘ಸೀರೆ ಗಾರ್ಡ್ ಚೆಂದ ಕಾಣಲ್ಲ, ತೆಗೆಸೋಣ’ ಎನ್ನುವ ಮಕ್ಕಳ ಮಾತು ಕೇಳಬೇಡಿ. ಮೊದಲ ಆರು ತಿಂಗಳು ಹಿಂದೆ ಯಾರೂ ಕೂರುವಂತಿಲ್ಲ ಎಂಬುದು ನಮ್ಮ ಮನೆಯ ನಿಯಮ. ಹಿಂದೆ ಒಬ್ಬರು ಕುಳಿತರೆ ತೂಕವೂ ಬದಲು, ಬ್ರೇಕೂ ಬದಲು. ಸಂಕ್ರಾಂತಿ ಹೊತ್ತಿಗೆ ಆರು ತಿಂಗಳಾಗುತ್ತದೆ, ಮೊದಲ ಸವಾರಿ ತನ್ನದೇ ಎಂದು ಅಜ್ಜಿ ಈಗಲೇ ಹೇಳಿಟ್ಟಿದ್ದಾಳೆ. ಮಾವನ ಬೈಕು ಶೆಡ್ಡಿನಲ್ಲೇ ಇದೆ. ‘ಎರಡು ವರ್ಷ ಓಡಿಸಿ ಕೈ ಕುದುರಿದ ಮೇಲೆ ಕೇಳ್ತೀನಿ, ಮಾರಬೇಡ’ ಎಂದು ಅವಳು ಹೇಳಿದ ಮೇಲೆ ಅವನ ಮುಖವೂ ಅರಳಿತು.

ಈ ವಾರದ ಕೆಲಸ: ಅಜ್ಜ ಅಥವಾ ಅಜ್ಜಿಯ ಜೊತೆ ಮನೆಯ ಗಾಡಿಯ ಪಕ್ಕ ಕೂತು ಟೈರಿನ ಬದಿ ನೋಡಿ. ಅಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದ ಟೈರು ಎಂದರ್ಥ. ನಿಮ್ಮ ಮನೆಯ ಟೈರಿಗೆ ಎಷ್ಟು ವಯಸ್ಸಾಯಿತು ಲೆಕ್ಕ ಹಾಕಿ. ಆಮೇಲೆ ಒಂದು ಹಗ್ಗ ತೆಗೆದುಕೊಂಡು ಬಯಲಿಗೆ ಹೋಗಿ 21, 40, 63 ಮೀಟರಿಗೆ ಗೆರೆ ಎಳೆಯಿರಿ. ಮನೆಯಲ್ಲಿ ಗಾಡಿ ಓಡಿಸುವವರೆಲ್ಲರನ್ನೂ ಕರೆದು ಒಮ್ಮೆ ಆ ಗೆರೆಗಳ ಮೇಲೆ ನಡೆಸಿ.