ಹಳೇ ಫೋನಿಗೆ ಒಂದಿಷ್ಟು ಚುರುಕು

ಹೊಸ ಫೋನು ಕೊಡಿಸಿ ಅಂತ ಮನೆಯವರನ್ನು ಪೀಡಿಸುವ ಮುಂಚೆ ಇದೊಂದು ಮಾಡಿ ನೋಡಿ, ಸೋದರಿಯರೇ. ನನ್ನ ಆಂಡ್ರಾಯ್ಡ್ ಫೋನಿಗೆ ಆರು ವರ್ಷ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪು ಕೊಂಡು ದುಡ್ಡು ಕಳಿಸಲು ಹೋದರೆ, ಪರದೆ ತೆರೆಯೋದರೊಳಗೆ ಹಿಂದಿನವರು ಗೊಣಗುತ್ತಿದ್ದರು.

ಮೊದಲು ಫೋಟೋಗಳನ್ನು ಬೇರೆ ಕಡೆ ನಕಲು ಮಾಡಿಡಿ. ಹೋದ ವರ್ಷ ನೆಂಟರ ಹುಡುಗನೊಬ್ಬ, "ಬೂಟ್‌ಲೋಡರ್ ಅನ್‌ಲಾಕ್ ಮಾಡ್ತೀನಿ ಅತ್ತೆ, ಫೋನು ಹೊಸದಾಗುತ್ತೆ" ಅಂದ. ಹಾಗೆ ಮಾಡಿದರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ ಅಂತ ನನಗೇನು ಗೊತ್ತು? ನಮ್ಮತ್ತೆಯವರ ಕೊನೆಯ ಯುಗಾದಿಯ ಫೋಟೋಗಳೂ ಅದರಲ್ಲೇ ಹೋದವು. ಆ ಗೋಜಿಗೆ ನೀವು ಹೋಗಲೇಬೇಡಿ.

ಈಗ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ತೆರೆದು, 'ಬಿಲ್ಡ್ ನಂಬರ್' ಮೇಲೆ 7 ಸಲ ಒತ್ತಿ. ಕೆಲವು ಫೋನುಗಳಲ್ಲಿ ಅದು ಇನ್ನೊಂದು ಪುಟದೊಳಗೆ ಅಡಗಿರುತ್ತೆ, ಹುಡುಕಬೇಕು. 'ಡೆವಲಪರ್ ಆಪ್ಷನ್ಸ್' ಎಂಬ ಹೊಸ ಬಾಗಿಲು ತೆರೆಯುತ್ತೆ. ಅದರೊಳಗೆ ವಿಂಡೋ, ಟ್ರಾನ್ಸಿಷನ್, ಆನಿಮೇಟರ್ ಅಂತ ಮೂರು ಆನಿಮೇಷನ್ ಅಳತೆಗಳಿವೆ. 1 ಇದ್ದದ್ದನ್ನು 0.5 ಮಾಡಿ. ಹಳೇ ಅಳತೆಯನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಫೋನಿನ ಬಲವೇನೂ ಹೆಚ್ಚೋದಿಲ್ಲ, ಒಯ್ಯಾರ ಕಡಿಮೆಯಾಗುತ್ತೆ ಅಷ್ಟೇ! ಉಳಿದ ಗುಂಡಿಗಳನ್ನು, ಮುಖ್ಯವಾಗಿ 'ಯುಎಸ್‌ಬಿ ಡೀಬಗ್ಗಿಂಗ್' ಅನ್ನೋದನ್ನು, ಮುಟ್ಟಬೇಡಿ.

ಈ ಬಾಗಿಲು ತೆರೆದಿದ್ದರೆ ಕೆಲವು ಬ್ಯಾಂಕ್ ಆಪ್‌ಗಳು ಮುನಿಸಿಕೊಳ್ಳುತ್ತವೆ. ಆಗ ಮುಚ್ಚಿಬಿಡಿ. ಮುಚ್ಚಿದಾಗ ಅಳತೆ ಮೊದಲಿನಂತಾದರೆ, ಸೆಟ್ಟಿಂಗ್ಸ್‌ನ 'ಆಕ್ಸೆಸಿಬಿಲಿಟಿ'ಯಲ್ಲಿ 'ರಿಮೂವ್ ಆನಿಮೇಷನ್ಸ್' ಇದೆಯಾ ನೋಡಿ. ಅದನ್ನು ಹಾಕಿದರೆ ಡೆವಲಪರ್ ಬಾಗಿಲ ತಂಟೆಯೇ ಬೇಡ. ನಾನೀಗ ಅದರಲ್ಲೇ ಇದ್ದೇನೆ.