ಕೋಣಕ್ಕೆ ಕುದುರೆಯ ಕಾಲು

ಮೊದಲೇ ಹೇಳಿಬಿಡ್ತೇನೆ. ಕಂಬಳದ ಗೇಮ್ ಮಾಡ್ತೇವೆ ಅಂತ ಹೊರಟು, ಅಸೆಟ್ ಸ್ಟೋರ್‌ನಿಂದ ಕುದುರೆ ಓಡುವ ಸ್ಪ್ರೈಟ್ ಶೀಟ್ ತಂದು, ಅದಕ್ಕೆ ಕಪ್ಪು ಬಳಿದು, ತಲೆಗೆ ಎರಡು ಕೊಂಬು ಅಂಟಿಸಿ, ಮೇಲೆ 'ನಮ್ಮ ಮಣ್ಣಿನ ಆಟ' ಅಂತ ಬೋರ್ಡು ಹಾಕುವವರ ಮೇಲೆ ನನಗೆ ಸಿಟ್ಟು ಉಂಟು. ಚಿತ್ರ ಬಿಡಿಸುವುದು ನನಗೆ ಬರುವುದಿಲ್ಲ. ನಾನು ಕೋಡ್ ಬರೆಯುವವ, ಊರು ಬಂಟ್ವಾಳ. ಸಿಟ್ಟು ಬಂದದ್ದು ಈ ಎರಡೂ ಕಾರಣಕ್ಕೆ.

ಸ್ಪ್ರೈಟ್ ಅಂದರೆ ಎಂತ ಅಂತ ಕೇಳುವವರಿಗೆ ಎರಡು ಮಾತು. ಪರದೆಯ ಹಿನ್ನೆಲೆಯ ಮೇಲೆ ಇಟ್ಟು, ಬೇಕಾದಲ್ಲಿಗೆ ಸರಿಸಬಹುದಾದ ಸಣ್ಣ ಚಿತ್ರವೇ ಸ್ಪ್ರೈಟ್. ಓಟದ ಎಂಟು ಭಂಗಿಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಇಟ್ಟರೆ ಅದು ಸ್ಪ್ರೈಟ್ ಶೀಟ್. ಕೋಡ್ ಅವುಗಳನ್ನು ಒಂದಾದ ಮೇಲೊಂದು ತೋರಿಸುತ್ತದೆ, ಎಂಟಾದ ಮೇಲೆ ಪುನಃ ಒಂದಕ್ಕೆ ಬರುತ್ತದೆ. ಕಾಲು ಆಡಿಸುವುದು ಚಿತ್ರ, ಮುಂದೆ ಸಾಗಿಸುವುದು ಕೋಡ್. 1982ರ ಕಮೊಡೋರ್ 64 ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್‌ನಲ್ಲಿ ಇದ್ದದ್ದು ಎಂಟು ಸ್ಪ್ರೈಟ್, ಒಂದೊಂದೂ 24 ಚುಕ್ಕಿ ಅಗಲ, 21 ಚುಕ್ಕಿ ಎತ್ತರ. ಒಟ್ಟು 504 ಚುಕ್ಕಿ. ಅದಕ್ಕಿಂತ ಒಂದು ವರ್ಷ ಮೊದಲು ಬಂದ ಡಾಂಕಿ ಕಾಂಗ್ ಗೇಮಿನಲ್ಲಿ ಮಾರಿಯೋಗೆ ಮೀಸೆ ಬಂದದ್ದೇ ಬಾಯಿ ಬಿಡಿಸಲು ಜಾಗ ಇರಲಿಲ್ಲ ಅಂತ. ಅಷ್ಟು ಚಿಕ್ಕ ಜಾಗದಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿದ್ದರು. ರೆಡಿಮೇಡ್ ಶೀಟ್ ಕೊಂಡಾಗ ಚಿತ್ರದ ಜೊತೆಗೆ ಆ ತೀರ್ಮಾನವನ್ನೂ ಕೊಂಡಿರ್ತೀರಿ. ಬಿಲ್ಲಿನಲ್ಲಿ ಅದು ಬರೆದಿರುವುದಿಲ್ಲ ಅಷ್ಟೆ.

ಕುದುರೆಯ ಕಾಲನ್ನೇ ತೆಗೆದುಕೊಳ್ಳಿ. ಓಡುವ ಕುದುರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುತ್ತದೆ ಅಂತ ಯುರೋಪಿನ ಚಿತ್ರಕಾರರು ಎಷ್ಟೋ ಕಾಲ ಬಿಡಿಸುತ್ತಲೇ ಬಂದಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ. ನಾಲ್ಕೂ ಗೊರಸು ನೆಲ ಬಿಡುವುದು ಹೌದು, ಆದರೆ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುವಾಗ. ಕಣ್ಣೆದುರು ಕುದುರೆ ಇಟ್ಟುಕೊಂಡವರೇ ಅಷ್ಟು ಕಾಲ ತಪ್ಪು ಬಿಡಿಸಿದ್ದರು. ಹಾಗಿರುವಾಗ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಕೂತು, ಕೋಣವನ್ನು ಒಮ್ಮೆಯೂ ನೋಡದೆ ಕೋಣ ಓಡಿಸಲು ಹೊರಟವರ ಕತೆ ಏನು?

ಕಂಬಳದಲ್ಲಿ ಓಡುವುದು ಒಂದು ಪ್ರಾಣಿ ಅಲ್ಲ, ಒಂದೇ ನೊಗಕ್ಕೆ ಕಟ್ಟಿದ ಎರಡು ಕೋಣ ಮತ್ತು ಹಿಂದೆ ಒಬ್ಬ ಮನುಷ್ಯ. ಮೂರು ದೇಹ ಸೇರಿ ಒಂದು ಓಟ. ಒಂದು ಕೋಣದ ಚಿತ್ರವನ್ನು ಎರಡು ಸಲ ಇಟ್ಟರೆ ಹದಿನಾರು ಗೊರಸು—ಅಲ್ಲ, ಎಂಟೇ ಗೊರಸು—ಒಂದೇ ತಾಳಕ್ಕೆ ಏಳುತ್ತವೆ, ಬೀಳುತ್ತವೆ. ಅದು ಪರೇಡು. ಮತ್ತೆ ಕರೆಯಲ್ಲಿ ಇರುವುದು ಕೆಸರು ನೀರು. ಓಟ ಶುರುವಾದ ಮೇಲೆ ಅರ್ಧಕ್ಕರ್ಧ ಕಾಲು ಕಾಣುವುದೇ ಇಲ್ಲ, ಕಾಣುವುದು ನೀರು. ಕಾಲಿಗೆ ಎಂಟು ಫ್ರೇಮ್ ಕೊಟ್ಟು ನೀರಿಗೆ ಎರಡು ಫ್ರೇಮ್ ಕೊಟ್ಟವರು ಕಂಬಳವನ್ನು ತಲೆಕೆಳಗೆ ಮಾಡಿದ್ದಾರೆ.

ನೀರಿನ ವಿಷಯ ಬಂತು, ಕನೆಹಲಗೆಯನ್ನು ನೋಡಿ. ಹಗ್ಗ, ನೇಗಿಲು ವಿಭಾಗಗಳಲ್ಲಿ ಯಾರು ಮೊದಲು ಗಂತಿನಿಂದ ಮಂಜೊಟ್ಟಿ ಮುಟ್ಟುತ್ತಾರೋ ಅವರು ಗೆದ್ದರು. ಕನೆಹಲಗೆಯಲ್ಲಿ ಲೆಕ್ಕವೇ ಬೇರೆ. ಓಡಿಸುವವನು ತೂತು ಇರುವ ಹಲಗೆಯ ಮೇಲೆ ನಿಂತಿರುತ್ತಾನೆ. ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆ ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಎತ್ತರದ ಅಳತೆ. ಅಂದರೆ ಇಲ್ಲಿ ನೀರೇ ಸ್ಕೋರ್. ಈಗ ಒಂದೇ ಎತ್ತರಕ್ಕೆ ಚಿಮ್ಮಿ ಮಾಯವಾಗುವ ರೆಡಿಮೇಡ್ 'ವಾಟರ್ ಸ್ಪ್ಲ್ಯಾಶ್' ಹಾಕಿದರೆ ಆಟ ಎಲ್ಲಿ ಉಳಿಯಿತು? ಕುದುರೆ ರೇಸಿನ ಕೋಡಿಗೆ ಕನೆಹಲಗೆ ಅರ್ಥ ಆಗುವುದಿಲ್ಲ, ಹಾಗಾಗಿ ಅದನ್ನು ಕೈಬಿಡ್ತಾರೆ. ಒಂದು ಶೀಟ್ ಸಿಗಲಿಲ್ಲ ಅಂತ ಇಡೀ ಒಂದು ವಿಭಾಗ ಹೋಯಿತು.

ಇದೆಲ್ಲ ಅಂದ-ಚಂದದ ತಕರಾರು ಅಂತ ಕಂಡರೆ, ಈಗ ಹೇಳುವುದನ್ನು ಸ್ವಲ್ಪ ನಿಧಾನಕ್ಕೆ ಓದಿ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮೂಡುಬಿದಿರೆ ಹತ್ತಿರದ ಮಿಜಾರಿನ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ಉಸೇನ್ ಬೋಲ್ಟ್ ಜೊತೆ ಹೋಲಿಸಿ ದೇಶವೆಲ್ಲ ಕುಣಿದದ್ದು ನಿಮಗೆ ನೆನಪಿರಬಹುದು. ಆ 13.62 ಸೆಕೆಂಡನ್ನು ಗೇಮಿನಲ್ಲಿ ಇಡಿ. ಸೆಕೆಂಡಿಗೆ 12 ಚಿತ್ರದಂತೆ ಸುಮಾರು 163 ಚಿತ್ರ. ಎಂಟು ಚಿತ್ರದ ಲೂಪ್ ಅಂದರೆ ಸುಮಾರು 20 ಸುತ್ತು. ಓಡಿಸುವವನಿಗಾಗಿ ನೀವು ತಂದ 'ಗಾಡಿ ಹೊಡೆಯುವವ' ಶೀಟಿನಲ್ಲಿ ಕೈ ಎತ್ತಿ ಚಾಟಿ ಬೀಸುವ ಭಂಗಿ ಸೇರಿಕೊಂಡಿದ್ದರೆ? ಒಂದೇ ಓಟದಲ್ಲಿ 20 ಪೆಟ್ಟು. ಆಡುವವನು ಗುಂಡಿ ಒತ್ತಲಿ, ಬಿಡಲಿ, ಪೆಟ್ಟು ಬೀಳುತ್ತಲೇ ಇರುತ್ತದೆ.

ಲೂಪ್ ಅಂದರೆ ಬರೀ ಚಲನೆ ಅಲ್ಲ ಸ್ವಾಮಿ. ಲೂಪಿನೊಳಗೆ ಇಟ್ಟದ್ದನ್ನು 'ಇದು ಯಾವಾಗಲೂ ಹೀಗೆಯೇ' ಅಂತ ಹೇಳಿದ ಹಾಗೆ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಕರ್ನಾಟಕದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯುವವರೆಗೆ ವರ್ಷಗಟ್ಟಲೆ ನಡೆದ ವಾದವೆಲ್ಲ ಪ್ರಾಣಿಗೆ ಹಿಂಸೆ ಆಗುತ್ತದೋ ಇಲ್ಲವೋ ಎಂಬುದರ ಸುತ್ತಲೇ. ಅಷ್ಟು ದೊಡ್ಡ ಪ್ರಶ್ನೆಗೆ ಎಂಟು ಡಾಲರಿನ ಶೀಟು ಉತ್ತರ ಕೊಟ್ಟುಬಿಟ್ಟಿತು, ಅದೂ ನೀವು ಗಮನಿಸದೆ. ಹಾಗಂತ ಬೆತ್ತವನ್ನು ಅಳಿಸಿಬಿಡಿ ಅಂತಲೂ ನಾನು ಹೇಳುವುದಿಲ್ಲ, ಅದು ಇನ್ನೊಂದು ಸುಳ್ಳು. ಬೆತ್ತವನ್ನು ಓಟದ ಲೂಪಿನಿಂದ ಹೊರಗೆ ತೆಗೆದು ಬೇರೆಯೇ ಒಂದು ಆ್ಯನಿಮೇಷನ್ ಮಾಡಿ. ಅದನ್ನು ಬೀಸುವ ನಿರ್ಧಾರ ಆಡುವವನದ್ದಾಗಲಿ, ಬೀಸಿದ್ದಕ್ಕೆ ಬೆಲೆಯನ್ನೂ ಅವನೇ ತೆರಲಿ. ನಾಲ್ಕು ಸಾಲಿನ ಕೋಡ್. ಕಂಬಳದ ಪರ ಇರುವವರೂ ವಿರೋಧ ಇರುವವರೂ ಆಮೇಲೆ ಜಗಳ ಆಡಬಹುದು, ಆದರೆ ನಿಜ ಇರುವ ವಿಷಯದ ಮೇಲೆ.

ಅಕ್ಷರದ ಕತೆ ಇನ್ನೂ ಮಜಾ. ಗೇಮುಗಳಲ್ಲಿ ಅಕ್ಷರಗಳೂ ಒಂದು ಥರ ಸ್ಪ್ರೈಟುಗಳೇ. ಒಂದು ಹಾಳೆಯಲ್ಲಿ ಚೌಕ ಚೌಕವಾಗಿ ಅಕ್ಷರ ಇಟ್ಟು, ಬೇಕಾದ್ದನ್ನು ಕತ್ತರಿಸಿ ಸಾಲಾಗಿ ಜೋಡಿಸುವುದು. ಇಂಗ್ಲಿಷಿಗೆ ಚಿಹ್ನೆಗಳೂ ಸೇರಿ 95 ಚೌಕ ಸಾಕು. ನಮ್ಮ ಮೂರು ಊರಿನ ಹೆಸರನ್ನು ಆ ಯಂತ್ರಕ್ಕೆ ಹಾಕಿ ನೋಡಿ. ಬಂಟ್ವಾಳದಲ್ಲಿ 'ಟ'ದ ಕೆಳಗೆ ಕೂರಬೇಕಾದ 'ವ' ಒತ್ತು ಎದ್ದು ಪಕ್ಕದಲ್ಲಿ ನಿಲ್ಲುತ್ತದೆ. ಬೆಳ್ತಂಗಡಿಯಲ್ಲಿ 'ತ'ಕ್ಕೂ ಅದೇ ಗತಿ. ಒತ್ತಕ್ಷರವೇ ಇಲ್ಲದ ಮೂಡುಬಿದಿರೆ ಬಚಾವು ಅಂದುಕೊಂಡರೆ, 'ಬಿ', 'ದಿ'ಗಳ ಗುಣಿತ ಕಳಚಿ ಬೀಳುತ್ತದೆ. ಕನ್ನಡದ ಅಕ್ಷರ ಒಂದಕ್ಕೊಂದು ಕೂಡಿ ರೂಪ ಬದಲಿಸುತ್ತದೆ ಎಂಬುದು ಚೌಕ ಕತ್ತರಿಸಿದವನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತುಂಟಲ್ಲ? ಆದರೂ ಎಂತ ಮಾಡ್ತೀರಿ, ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಕೈ ತೊಳೆದುಕೊಳ್ತೀರಿ. ಅಕ್ಷರ ಕೂಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಲೈಬ್ರರಿ ಬಿಟ್ಟಿಯಾಗಿಯೇ ಉಂಟು. 2023ರಲ್ಲಿ ಬಂದ ಗೊಡೊ 4 ಎಂಜಿನ್‌ನೊಳಗೇ ಅದು ಕೂತಿದೆ. ಇನ್ನು ಯಾವ ನೆಪ?

ನೆಪ ಉಂಟು, ನನಗೆ ಗೊತ್ತು. 'ಬ್ರೋ, ನಾವು ಇಬ್ಬರೇ ಇರೋದು, ದುಡ್ಡಿಲ್ಲ, ಶನಿವಾರ-ಭಾನುವಾರ ಮಾತ್ರ ಟೈಮು.' ಒಪ್ಪಿದೆ. ಮರುಬಳಕೆಯನ್ನು ನಾನು ಬಯ್ಯುತ್ತಿಲ್ಲ. 1985ರ ಸೂಪರ್ ಮಾರಿಯೋದಲ್ಲಿ ಮೇಲಿನ ಮೋಡಕ್ಕೂ ಕೆಳಗಿನ ಪೊದೆಗೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. ಜಾಣತನ ಅದು. ನೀವೂ ಮೋಡ ಕೊಂಡುಕೊಳ್ಳಿ, ಕಲ್ಲು ಕೊಂಡುಕೊಳ್ಳಿ, ತೆಂಗಿನ ಮರ ಒಂದನ್ನೇ ನೂರು ಸಲ ನೆಡಿ. ಆದರೆ ಗೇಮಿಗೆ ಯಾವುದರ ಹೆಸರಿಟ್ಟಿದ್ದೀರೋ ಅದನ್ನು ಮಾತ್ರ ಕೊಂಡು ತರಬೇಡಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಅಂತ ಊರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. ನಿಮ್ಮಿಂದ ಯಾರೂ ಸಾವಿರ ಕಂಬ ಕೇಳುತ್ತಿಲ್ಲ.

ಇನ್ನೊಂದು ನೆಪ, 'ಇದನ್ನೆಲ್ಲ ಯಾರು ನೋಡ್ತಾರೆ?' ನಮ್ಮ ಕಡೆ ಕೋಣಗಳಿಗೆ ಹೆಸರಿರುತ್ತದೆ, ಅಭಿಮಾನಿಗಳಿರುತ್ತಾರೆ, ದೂರದಿಂದಲೇ ಗುರುತು ಹಿಡಿಯುವ ಮಕ್ಕಳಿರುತ್ತಾರೆ. ಅವರು ನೋಡ್ತಾರೆ, ನಗ್ತಾರೆ, ಅನ್‌ಇನ್‌ಸ್ಟಾಲ್ ಮಾಡ್ತಾರೆ. ನನಗೆ ಅವರ ಚಿಂತೆ ಇಲ್ಲ, ಅವರಿಗೆ ನಿಜವಾದ ಕಂಬಳ ಉಂಟು. ಚಿಂತೆ ಇರುವುದು ಗುರುಗ್ರಾಮದಲ್ಲೋ ಡಲ್ಲಾಸಿನಲ್ಲೋ ಬೆಳೆಯುವ ನಮ್ಮದೇ ಮಕ್ಕಳದ್ದು. ಅವರಿಗೆ ನಿಮ್ಮ ಗೇಮೇ ಕಂಬಳ. ಹೋಲಿಸಿ ನೋಡಲು ಬೇರೊಂದು ಅವರ ಹತ್ತಿರ ಇಲ್ಲ.

ಕೆಲಸ ದೊಡ್ಡದೇನಲ್ಲ. ನವೆಂಬರ್ ದಾಟಿದರೆ ಕಂಬಳದ ಸೀಸನ್. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ ಜೋಡುಕರೆ. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸು. ಕೋಣದ ಯಜಮಾನರನ್ನು ಕೇಳಿ, ಕರೆಯ ಬದಿಯಲ್ಲಿ ನಿಂತು, ನಿಮ್ಮ ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯಿರಿ. ಮೈಬ್ರಿಜ್‌ಗೆ ಅಷ್ಟು ಸೌಕರ್ಯ ಇರಲಿಲ್ಲ. ಅದರಿಂದ ಎಂಟನ್ನು ಆರಿಸಿ, ಗೆರೆ ಎಳೆಯಿರಿ. ಎಡದ ಕೋಣ ಬೇರೆ, ಬಲದ ಕೋಣ ಬೇರೆ, ನೀರು ಬೇರೆ.

ಎಂಟು ಚಿತ್ರ ಮಾರಾಯ್ರೆ, ಎಂಟೇ ಎಂಟು. ಅಷ್ಟಕ್ಕೂ ಪುರುಸೊತ್ತಿಲ್ಲ ಅಂತಾದರೆ ಧಾರಾಳವಾಗಿ ಕುದುರೆಯ ಗೇಮೇ ಮಾಡಿ. ಹೆಸರು ಮಾತ್ರ ಕುದುರೆ ರೇಸ್ ಅಂತಲೇ ಇಡಿ.