ಸ್ಟಾರ್ ಹೋದ, ಕಪ್ ಬಂತು

ಗ್ಯಾರಿ ಆಬ್ಲೆಟ್ ಜೂನಿಯರ್ ಅನ್ನೋ ಹೆಸರು ನಮ್ಮ ಕ್ಯಾಂಪಸ್‌ನಲ್ಲಿ ಹತ್ತು ಜನಕ್ಕೂ ಗೊತ್ತಿರಲಿಕ್ಕಿಲ್ಲ. ಆಸ್ಟ್ರೇಲಿಯನ್ ಫುಟ್‌ಬಾಲ್ ನೋಡುವವರಿಗೆ ಮಾತ್ರ ಆ ಹೆಸರು ನಮಗೆ ಕೊಹ್ಲಿ ಹೇಗೋ ಹಾಗೆ. ಆತನ ಟೀಂ ಜಿಲಾಂಗ್ 2007ರಲ್ಲೂ 2009ರಲ್ಲೂ ಕಪ್ ಗೆದ್ದಿತ್ತು. 2009ರಲ್ಲೇ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲ್ ಕೂಡ ಆತನಿಗೆ ಬಂತು. 2010 ಮುಗಿದ ಮೇಲೆ ಆತ ಜಿಲಾಂಗ್ ಬಿಟ್ಟು, ಹೊಸದಾಗಿ ಲೀಗ್‌ಗೆ ಸೇರುತ್ತಿದ್ದ ಗೋಲ್ಡ್ ಕೋಸ್ಟ್ ಸನ್ಸ್‌ಗೆ ಹೋದ. ಅದೇ ಹೊತ್ತಿಗೆ ಕೋಚ್ ಮಾರ್ಕ್ ಥಾಂಪ್ಸನ್ ಕೂಡ ಹೊರಟರು. 2011ರಲ್ಲಿ ಏನಾಯ್ತು? ಕ್ರಿಸ್ ಸ್ಕಾಟ್ ಅನ್ನೋ ಹೊಸ ಕೋಚ್ ಮೊದಲ ವರ್ಷದಲ್ಲೇ ಜಿಲಾಂಗ್‌ಗೆ ಕಪ್ ತಂದುಕೊಟ್ಟರು. ಫೈನಲ್‌ನಲ್ಲಿ ಸೋತದ್ದು ಸಾಮಾನ್ಯ ಟೀಂ ಅಲ್ಲ, ಲೀಗ್ ಹಂತದ 22ರಲ್ಲಿ 20 ಪಂದ್ಯ ಗೆದ್ದಿದ್ದ ಕಾಲಿಂಗ್‌ವುಡ್. ಆಬ್ಲೆಟ್ ಕ್ಯಾಪ್ಟನ್ ಆಗಿದ್ದ ಗೋಲ್ಡ್ ಕೋಸ್ಟ್ 22ರಲ್ಲಿ 3 ಗೆದ್ದು ಪಟ್ಟಿಯ ತಳದಲ್ಲಿ ಕೂತಿತು.

ನಮ್ಮ ಹಾಸ್ಟೆಲ್‌ನಲ್ಲಿ ಈ ಆಟ ನೋಡೋರು ನಾಲ್ಕೈದು ಜನ ಇದ್ದೀವಿ. ಟೀಂ ಕಲ್ಚರ್ ದೊಡ್ಡದಾ, ಆಟಗಾರನ ಸ್ಕಿಲ್ ದೊಡ್ಡದಾ ಅಂತ ಎರಡು ಸೆಮಿಸ್ಟರ್‌ನಿಂದ ವಾದ ನಡೀತಾನೇ ಇದೆ. ನಮ್ಮ ವೋಟು ಕಲ್ಚರ್‌ಗೆ. ಆದರೆ ಟಿವಿಯಲ್ಲಿ ಕೂತು ಮಾತಾಡೋರು ‘ಕಲ್ಚರ್’ ಅಂತ ಕರೆಯೋ ಆ ಮಂಜಿನಂಥ ವಸ್ತುವಿಗೆ ಅಲ್ಲ. ಅದಕ್ಕೇ ಇಷ್ಟುದ್ದ ಬರೀಬೇಕಾಗಿ ಬಂದಿದೆ.

ಮೊದಲು ಆಟದ ಪರಿಚಯ, ಬೇಗ ಮುಗಿಸ್ತೀವಿ. ಕ್ರಿಕೆಟ್ ಆಡುವ ಅಂಡಾಕಾರದ ಮೈದಾನದಲ್ಲೇ ಆಡ್ತಾರೆ, ಚೆಂಡು ಕೂಡ ಅಂಡಾಕಾರ. ಒಂದೊಂದು ಕಡೆ 18 ಜನ. ಕಾಲಲ್ಲಿ ಒದೀಬಹುದು, ಮುಷ್ಟಿಯಿಂದ ಗುದ್ದಿ ಪಾಸ್ ಮಾಡಬಹುದು, ಕೈಯಿಂದ ಎಸೆಯೋ ಹಾಗಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, 1 ಪಾಯಿಂಟ್. ಆಫ್‌ಸೈಡ್ ಇಲ್ಲ. ಗ್ರ್ಯಾಂಡ್ ಫೈನಲ್ ಸೆಪ್ಟೆಂಬರ್ ಕೊನೆಯ ಶನಿವಾರ ನಾವು ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ ನೋಡುವ ಅದೇ ಎಂಸಿಜಿಯಲ್ಲಿ ನಡೆಯುತ್ತೆ. ಇಲ್ಲಿನ ಗಡಿಯಾರದಲ್ಲಿ ಬೆಳಿಗ್ಗೆ 10 ಗಂಟೆ, ಮೆಸ್ಸಿನ ತಿಂಡಿ ಮುಗಿಸಿ ಬಂದು ಕೂತರೆ ಸರಿಹೋಗುತ್ತೆ.

ಲೆಕ್ಕ ಬರುವವರು ಇಲ್ಲೇ ಒಂದು ವಿಷಯ ಗಮನಿಸಬಹುದು. ಒಂದು ಪಂದ್ಯದಲ್ಲಿ ಒಂದು ಟೀಂ ಸುಮಾರು 350 ಸಲ ಚೆಂಡನ್ನು ಒದೆಯುತ್ತೆ ಅಥವಾ ಕೈಯಿಂದ ಪಾಸ್ ಮಾಡುತ್ತೆ. ಭಾರೀ ಫಾರ್ಮ್‌ನಲ್ಲಿರುವ ಸ್ಟಾರ್ ಮಿಡ್‌ಫೀಲ್ಡರ್ ಪಾಲು ಅದರಲ್ಲಿ 30-35, ಅಂದ್ರೆ ಹತ್ತರಲ್ಲೊಂದು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಐದರಲ್ಲೊಬ್ಬ ಸ್ಟಾರ್ ಇದ್ದರೆ ಆಟವನ್ನೇ ಹೊತ್ತುಕೊಂಡು ಹೋಗ್ತಾನೆ. ಕ್ರಿಕೆಟ್‌ನಲ್ಲಿ ಒಬ್ಬನೇ ನಿಂತು 120 ಹೊಡೆದು ಗೆಲ್ಲಿಸಬಹುದು. ಇಲ್ಲಿ ಆಬ್ಲೆಟ್‌ನಂಥವನ ಕೈಗೂ ಚೆಂಡು ಬರೋದು ಅಷ್ಟೇ ಸಲ. ಉಳಿದ ಹೊತ್ತೆಲ್ಲ ಆಟ ನಿಂತಿರೋದು ಬೇರೆಯವರು ಓಡಿದ್ರಾ, ಗೆಳೆಯನಿಗೆ ದಾರಿ ಬಿಡಿಸೋಕೆ ಮೈ ಅಡ್ಡ ಕೊಟ್ರಾ, ಎದುರಾಳಿ ಒದ್ದ ಚೆಂಡಿಗೆ ಕೈ ಚಾಚಿ ಬಿದ್ರಾ ಅನ್ನೋದರ ಮೇಲೆ. ಈ ಕೆಲಸಗಳಿಗೆ ಆ ಆಟದ ಅಂಕಿಅಂಶದಲ್ಲಿ ‘ಒನ್ ಪರ್ಸೆಂಟರ್’ ಅಂತ ಒಂದು ಕಾಲಂ ಇದೆ. ಹೈಲೈಟ್ಸ್‌ನಲ್ಲಿ ಬರೋದು ಕಮ್ಮಿ, ಮಾಡದೆ ಹೋದರೆ ಕೇಳೋರೂ ಕಮ್ಮಿ. ಕೇಳೋರು ಇರೋ ಟೀಂ ಮತ್ತು ಇಲ್ಲದ ಟೀಂ, ಇದರ ನಡುವಿನ ವ್ಯತ್ಯಾಸಕ್ಕೇ ನಾವು ಕಲ್ಚರ್ ಅನ್ನೋದು.

ಇದಕ್ಕೆ ಲೀಗ್‌ನ ನಿಯಮಗಳೂ ಒತ್ತು ಕೊಡುತ್ತವೆ. ಆಟಗಾರರ ಸಂಬಳಕ್ಕೆ ಒಂದು ಮಿತಿ ಇದೆ. ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನು ಆರಿಸುವ ಮೊದಲ ಅವಕಾಶ ಕೊನೆಯ ಸ್ಥಾನದ ಟೀಂಗೆ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಹಾಗೆ ದುಡ್ಡು ಸುರಿದು ಸ್ಟಾರ್‌ಗಳನ್ನು ಗುಡ್ಡೆ ಹಾಕೋಕೆ ಆಗಲ್ಲ. ಸ್ಕಿಲ್ ಎಲ್ಲಾ ಕಡೆಗೂ ಹೆಚ್ಚುಕಮ್ಮಿ ಸಮನಾಗಿ ಹರಡಲಿ ಅಂತಲೇ ಈ ಏರ್ಪಾಡು. ಒಂದು ವೇರಿಯಬಲ್ ಅನ್ನು ಸ್ಥಿರವಾಗಿ ಹಿಡಿದಿಟ್ಟರೆ ಇನ್ನೊಂದರ ಪರಿಣಾಮ ಕಾಣುತ್ತೆ ಅಂತ ಲ್ಯಾಬ್‌ನಲ್ಲಿ ಹೇಳಿಕೊಡ್ತಾರಲ್ಲ, ಹಾಗೆ.

ಈಗ ಆಬ್ಲೆಟ್ ಉದಾಹರಣೆಗೆ ಬರುವ ಆಕ್ಷೇಪ. ಆತ ಹೋದರೂ ಜಿಲಾಂಗ್‌ನಲ್ಲಿ 2007ರ ಬ್ರೌನ್‌ಲೋ ವಿಜೇತ ಜಿಮ್ಮಿ ಬಾರ್ಟೆಲ್ ಇದ್ದ, ಜೋಯಲ್ ಸೆಲ್‌ವುಡ್ ಇದ್ದ, ಮ್ಯಾಥ್ಯೂ ಸ್ಕಾರ್ಲೆಟ್ ಇದ್ದ. ಗೋಲ್ಡ್ ಕೋಸ್ಟ್‌ನಲ್ಲಿ ಬಹುಪಾಲು ನಮ್ಮ ವಯಸ್ಸಿನ ಹುಡುಗರು. ಇದು ಸರಿಯಾದ ಹೋಲಿಕೆಯೇ ಅಲ್ಲ ಅಂತ ನಮ್ಮ ರೂಂನ ಸ್ಕಿಲ್ ಪಕ್ಷದವರು ಹೇಳ್ತಾರೆ. ಅವರ ಇನ್ನೊಂದು ಬಾಣ ಇನ್ನೂ ಚೂಪು. ಆಸ್ಟ್ರೇಲಿಯಾದಲ್ಲಿ ‘ಫಾದರ್-ಸನ್’ ಅನ್ನೋ ನಿಯಮ ಇದೆ. ಒಂದು ಕ್ಲಬ್‌ಗೆ ಸಾಕಷ್ಟು ಪಂದ್ಯ ಆಡಿದವನ ಮಗನನ್ನು ತೆಗೆದುಕೊಳ್ಳೋಕೆ ಆ ಕ್ಲಬ್‌ಗೆ ಮೊದಲ ಹಕ್ಕು. ಆಬ್ಲೆಟ್‌ನ ಅಪ್ಪ ಗ್ಯಾರಿ ಆಬ್ಲೆಟ್ ಸೀನಿಯರ್ ಜಿಲಾಂಗ್‌ನ ದಂತಕಥೆ. ಹಾಗಾಗಿ 2001ರ ಡ್ರಾಫ್ಟ್‌ನಲ್ಲಿ ಮಗ ಜಿಲಾಂಗ್‌ಗೆ ಸಿಕ್ಕಿದ್ದು 40ನೇ ಆಯ್ಕೆಯಾಗಿ! ಸ್ಕಾರ್ಲೆಟ್ ಬಂದದ್ದೂ ಅದೇ ದಾರಿಯಲ್ಲಿ, ಮುಂದೆ ಟಾಮ್ ಹಾಕಿನ್ಸ್ ಕೂಡ. ಅಗ್ಗಕ್ಕೆ ಸಿಕ್ಕ ಸ್ಕಿಲ್‌ಗೆ ಕಲ್ಚರ್ ಅಂತ ಹೆಸರಿಟ್ಟುಕೊಂಡರೆ ಹೇಗೆ?

ಒಪ್ಪಬೇಕಾದ ಮಾತು. ಆದರೆ ಅದೇ ಪ್ರಯೋಗ ಇನ್ನೊಮ್ಮೆ ನಡೆದಿದೆ. ಹಾಥಾರ್ನ್ 2013ರಲ್ಲಿ ಕಪ್ ಗೆದ್ದಿತು. ಗೆದ್ದ ಕೂಡಲೇ ಅದರ ದೊಡ್ಡ ಸ್ಟಾರ್ ಲ್ಯಾನ್ಸ್ ಫ್ರ್ಯಾಂಕ್ಲಿನ್ ಸಿಡ್ನಿ ಸ್ವಾನ್ಸ್‌ಗೆ ಹೊರಟ, 9 ವರ್ಷಕ್ಕೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ಒಪ್ಪಂದ. ಮರುವರ್ಷದ ಫೈನಲ್‌ನಲ್ಲಿ ಎದುರುಬದುರಾದದ್ದು ಹಾಥಾರ್ನ್ ಮತ್ತು ಸಿಡ್ನಿಯೇ. ಹಾಥಾರ್ನ್ 63 ಪಾಯಿಂಟ್ ಅಂತರದಲ್ಲಿ ಗೆದ್ದಿತು, 2015ರಲ್ಲಿ ಮತ್ತೆ ಗೆದ್ದಿತು. ಫ್ರ್ಯಾಂಕ್ಲಿನ್ ಸಿಡ್ನಿಯಲ್ಲಿ ಚೆನ್ನಾಗಿ ಆಡಲಿಲ್ಲ ಅಂತಲ್ಲ. 2022ರಲ್ಲಿ ಆತ 1000ನೇ ಗೋಲ್ ಹೊಡೆದದ್ದು ಸಿಡ್ನಿ ಜರ್ಸಿಯಲ್ಲೇ. ಆದರೆ ಆತ ಸಿಡ್ನಿಗಾಗಿ ಆಡಿದ ಮೂರು ಗ್ರ್ಯಾಂಡ್ ಫೈನಲ್‌ಗಳಲ್ಲೂ ಸಿಡ್ನಿ ಸೋತಿತು.

ಹಾಗಾದರೆ ಜಿಲಾಂಗ್‌ನಲ್ಲಿ ಇದ್ದದ್ದು ಏನು? ನಮಗೆ ಇಷ್ಟವಾಗುವ ಒಂದು ಘಟನೆ ಇದೆ. 2006ರಲ್ಲಿ ಆ ಟೀಂ 10ನೇ ಸ್ಥಾನದಲ್ಲಿ ಮುಗಿಸಿತ್ತು. ಸೀಸನ್ ಮುಗಿದ ಮೇಲೆ ಸ್ಟೀವ್ ಜಾನ್ಸನ್ ಅನ್ನೋ ಪ್ರತಿಭಾವಂತ ಫಾರ್ವರ್ಡ್ ಮೈದಾನದ ಹೊರಗೆ ಗಲಾಟೆ ಮಾಡಿಕೊಂಡ. 2007ರ ಸೀಸನ್ನಿನ ಮೊದಲ ವಾರಗಳಲ್ಲಿ ಆತನನ್ನು ಹೊರಗಿಟ್ಟರು. ಹೊರಗಿಡಲು ತೀರ್ಮಾನಿಸಿದ್ದು ಜೊತೆಗೆ ಆಡುವವರೇ ಇದ್ದ ನಾಯಕರ ಗುಂಪು. ಒಳ್ಳೆಯ ಆಟಗಾರ ಅಂತ ಕಣ್ಣು ಮುಚ್ಚಿಕೊಳ್ಳಲಿಲ್ಲ, ಕೆಟ್ಟವನು ಅಂತ ಓಡಿಸಲೂ ಇಲ್ಲ. ಆತ ತಿರುಗಿ ಬಂದ. ಆ ವರ್ಷದ ಫೈನಲ್‌ನಲ್ಲಿ ಜಿಲಾಂಗ್ 163-44ರಿಂದ ಪೋರ್ಟ್ ಅಡಿಲೇಡ್ ಅನ್ನು ಪುಡಿ ಮಾಡಿ 44 ವರ್ಷದ ಬರ ನೀಗಿಸಿತು. ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಮೆಡಲ್ ಜಾನ್ಸನ್‌ಗೇ ಬಂತು. ಸ್ಕಿಲ್ ಮೊದಲೂ ಆತನಲ್ಲೇ ಇತ್ತು. ಸ್ಟಾರ್‌ಗೆ ಜೊತೆಗಾರರೇ ‘ಇಲ್ಲ’ ಅನ್ನೋ ಧೈರ್ಯ ಮಾತ್ರ ಹೊಸದು.

ಕಲ್ಚರ್ ಪಕ್ಷದಲ್ಲಿದ್ದುಕೊಂಡೇ ನಾವು ಒಪ್ಪದ ಒಂದು ಕಥೆಯೂ ಇದೆ. ಆಸ್ಟ್ರೇಲಿಯಾದಲ್ಲಿ ಕಲ್ಚರ್ ಅಂದ ಕೂಡಲೇ 2005ರ ಸಿಡ್ನಿ ಸ್ವಾನ್ಸ್ ಹೆಸರು ಬರುತ್ತೆ. ಕೋಚ್ ಪಾಲ್ ರೂಸ್ ಕಾಲದಲ್ಲಿ ಆಟಗಾರರೇ ಕೂತು ನಡವಳಿಕೆಯ ನಿಯಮ ಬರೆದುಕೊಂಡರು, ತಮ್ಮನ್ನು ‘ಬ್ಲಡ್ಸ್’ ಅಂತ ಕರೆದುಕೊಂಡರು, 72 ವರ್ಷಗಳ ನಂತರ ಕಪ್ ಗೆದ್ದರು. ಫೈನಲ್‌ನಲ್ಲಿ ಸೋತದ್ದು ವೆಸ್ಟ್ ಕೋಸ್ಟ್ ಈಗಲ್ಸ್. ಅದೇ ವೆಸ್ಟ್ ಕೋಸ್ಟ್ 2006ರ ಫೈನಲ್‌ನಲ್ಲಿ ಅದೇ ಸಿಡ್ನಿಯನ್ನು ಸೋಲಿಸಿತು. ಆ ವೆಸ್ಟ್ ಕೋಸ್ಟ್ ಕಲ್ಚರ್ ಹೇಗಿತ್ತು? 2005ರ ಬ್ರೌನ್‌ಲೋ ವಿಜೇತ ಬೆನ್ ಕಸಿನ್ಸ್ ಮಾದಕ ವ್ಯಸನದಲ್ಲಿ ಸಿಕ್ಕಿಬಿದ್ದಿದ್ದ. ಮುಂದೆ ಆತನೇ ಅದನ್ನು ಬಹಿರಂಗವಾಗಿ ಹೇಳಿಕೊಂಡ. 2007ರಲ್ಲಿ ಕ್ಲಬ್ ಆತನನ್ನು ಕಿತ್ತುಹಾಕಿತು. ಈಗ ಅಂಕಿ ನೋಡಿ. 2005ರಲ್ಲಿ ಸಿಡ್ನಿ ಗೆದ್ದದ್ದು 58-54, ನಾಲ್ಕು ಪಾಯಿಂಟ್. ಕೊನೆಯ ಕ್ಷಣದಲ್ಲಿ ಲಿಯೋ ಬ್ಯಾರಿ ಗುಂಪಿನ ಮೇಲೆ ಹಾರಿ ಚೆಂಡು ಹಿಡಿಯದೆ ಇದ್ದಿದ್ದರೆ ಏನಾಗ್ತಿತ್ತೋ. 2006ರಲ್ಲಿ ವೆಸ್ಟ್ ಕೋಸ್ಟ್ ಗೆದ್ದದ್ದು 85-84, ಒಂದೇ ಪಾಯಿಂಟ್. ಎರಡು ಫೈನಲ್ ಕೂಡಿಸಿದರೆ ‘ಆದರ್ಶ’ ಟೀಂಗೂ ‘ಕೆಟ್ಟುಹೋದ’ ಟೀಂಗೂ ಇರೋ ವ್ಯತ್ಯಾಸ 3 ಪಾಯಿಂಟ್. ಅರ್ಧ ಗೋಲ್! ಗೆದ್ದವರ ಮನೆಗೆ ಹೋಗಿ ‘ಇವರ ಕಲ್ಚರ್ ನೋಡಿ’ ಅನ್ನೋದು ಸುಲಭ. ಚೆಂಡು ಒಂದಡಿ ಆಚೆ ಬಿದ್ದಿದ್ದರೆ ಅದೇ ಜನ ಇನ್ನೊಂದು ಪುಸ್ತಕ ಬರೀತಿದ್ದರು.

ಆದರೂ ಮುಂದಿನದನ್ನು ನೋಡಬೇಕು. ಸ್ಕಿಲ್‌ನಿಂದ ಗೆದ್ದ ವೆಸ್ಟ್ ಕೋಸ್ಟ್‌ನಿಂದ 2007ರಲ್ಲಿ ಕಸಿನ್ಸ್ ಹೋದ, ಕ್ಯಾಪ್ಟನ್ ಕ್ರಿಸ್ ಜಡ್ ಕೂಡ ಕಾರ್ಲ್‌ಟನ್‌ಗೆ ಹೋದ. 2010ರಲ್ಲಿ ಟೀಂ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಸಿಡ್ನಿ ಆ ವರ್ಷಗಳಲ್ಲೂ ಹಾಗೆ ಕುಸಿಯಲಿಲ್ಲ, 2012ರಲ್ಲಿ ಇನ್ನೊಂದು ಕಪ್ ಎತ್ತಿತು. ಒಂದು ಫೈನಲ್‌ನಲ್ಲಿ ಕಲ್ಚರ್ ಕಾಣಲ್ಲ, ಐದಾರು ವರ್ಷದಲ್ಲಿ ಕಾಣುತ್ತೆ ಅನ್ನೋದು ನಮ್ಮ ವಾದ.

ಕಲ್ಚರ್ ಮುಖ್ಯ ಅಂತ ಗೊತ್ತಾದ ಮೇಲೆ ಅದನ್ನು ಫ್ಯಾಕ್ಟರಿಯಲ್ಲಿ ತಯಾರಿಸಲು ಹೊರಟವರೂ ಇದ್ದಾರೆ. ರಿಚ್‌ಮಂಡ್ 2016ರಲ್ಲಿ 13ನೇ ಸ್ಥಾನ ಪಡೆದಿತ್ತು. ಕೋಚ್ ಡೇಮಿಯನ್ ಹಾರ್ಡ್‌ವಿಕ್ ಅವರನ್ನು ತೆಗೀಬೇಕು ಅಂತ ಗದ್ದಲ ಇದ್ದರೂ ಕ್ಲಬ್ ತೆಗೆಯಲಿಲ್ಲ. 2017ರಲ್ಲಿ ಆಟಗಾರರು ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಬದುಕಿನ ಕಷ್ಟ, ತಮ್ಮ ಹೀರೋ ಯಾರು ಅಂತೆಲ್ಲ ಜೊತೆಗಾರರ ಮುಂದೆ ಹೇಳಿಕೊಳ್ಳೋ ಕೂಟಗಳು ನಡೆದವು. ಆ ವರ್ಷ 37 ವರ್ಷದ ನಂತರ ಕಪ್ ಬಂತು, ಫೈನಲ್‌ನಲ್ಲಿ ಅಡಿಲೇಡ್ 48 ಪಾಯಿಂಟ್‌ನಿಂದ ಸೋತಿತು. (ಅದೇ ವರ್ಷ ರಿಚ್‌ಮಂಡ್‌ನ ಡಸ್ಟಿನ್ ಮಾರ್ಟಿನ್ ಬ್ರೌನ್‌ಲೋ, ನಾರ್ಮ್ ಸ್ಮಿತ್, ಕಪ್ ಮೂರನ್ನೂ ಗೆದ್ದ. ಸ್ಕಿಲ್ ಪಕ್ಷದವರು ಇದನ್ನು ದಿನಕ್ಕೊಂದು ಸಲ ನೆನಪಿಸ್ತಾರೆ.) ಸೋತ ಅಡಿಲೇಡ್ 2018ರ ಜನವರಿಯಲ್ಲಿ ತನ್ನ ಆಟಗಾರರನ್ನು ಗೋಲ್ಡ್ ಕೋಸ್ಟ್‌ನಲ್ಲಿ ಒಂದು ಕ್ಯಾಂಪ್‌ಗೆ ಕರೆದೊಯ್ದಿತು, ಮನಸ್ಸು ಗಟ್ಟಿ ಮಾಡೋಕೆ. ನಂಬಿ ಹೇಳಿಕೊಂಡ ಖಾಸಗಿ ವಿಷಯಗಳನ್ನೇ ಅಲ್ಲಿ ತನ್ನ ಮೇಲೆ ಕೂಗಿ ಬಳಸಿದರು ಅಂತ ಎಡ್ಡಿ ಬೆಟ್ಸ್ 2022ರ ತನ್ನ ಆತ್ಮಕಥೆಯಲ್ಲಿ ಬರೆದ. ಕ್ಲಬ್ ಕ್ಷಮೆ ಕೇಳಿತು. 2020ರಲ್ಲಿ ಅಡಿಲೇಡ್ ಕೊನೆಯ ಸ್ಥಾನಕ್ಕೆ ಬಿತ್ತು. ಎಲ್ಲಕ್ಕೂ ಕ್ಯಾಂಪ್ ಕಾರಣ ಅನ್ನಲ್ಲ ನಾವು. ಜೇಕ್ ಲೀವರ್, ಚಾರ್ಲಿ ಕ್ಯಾಮರನ್ ಕ್ಯಾಂಪ್‌ಗೂ ಮೊದಲೇ ಬಿಟ್ಟುಹೋಗಿದ್ದರು. ಮೇಲ್ನೋಟಕ್ಕೆ ಎರಡೂ ಕಡೆ ನಡೆದದ್ದು ಮನಸ್ಸು ಬಿಚ್ಚಿ ಮಾತಾಡೋದೇ. ಬೆಟ್ಸ್ ಬರೆದದ್ದನ್ನು ಓದಿದರೆ ಹೇಳಿದ ಮಾತಿನ ಗತಿ ಏನಾಯ್ತು ಅನ್ನೋದರಲ್ಲಿ ವ್ಯತ್ಯಾಸ ಇದೆ.

ಎಲ್ಲರೂ ಒಂದೇ ಮಾತಿಗೆ ಬದ್ಧರಾಗಿದ್ದರೆ ಅದು ಒಳ್ಳೆಯ ಕಲ್ಚರ್ ಅಂತಾನೂ ಅಲ್ಲ. ಎಸೆಂಡನ್ ಕ್ಲಬ್ 2012ರಲ್ಲಿ ನಡೆಸಿದ ಇಂಜೆಕ್ಷನ್ ಕಾರ್ಯಕ್ರಮಕ್ಕಾಗಿ 2016ರ ಜನವರಿಯಲ್ಲಿ 34 ಆಟಗಾರರಿಗೆ ನಿಷೇಧ ಬಿತ್ತು. ಅಷ್ಟು ಜನರಲ್ಲಿ ‘ಇದೇನು, ಯಾಕೆ’ ಅಂತ ಪಟ್ಟು ಹಿಡಿದು ನಿಲ್ಲಿಸಿದವರು ಇರಲಿಲ್ಲ. ಹೊರಗಿಂದ ನೋಡಿದರೆ ಅದೂ ಒಗ್ಗಟ್ಟೇ.

ಆರ್‌ಸಿಬಿ ನೋಡಿ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ ಅಂತ ನೀವು ಅಂದುಕೊಳ್ತಿರಬಹುದು. ಕೊಹ್ಲಿ, ಗೇಲ್, ಎಬಿಡಿ ಮೂವರೂ ಒಟ್ಟಿಗೆ ಇದ್ದಾಗ ಬಾರದ ಕಪ್ 2025ರಲ್ಲಿ ಬಂತಲ್ಲ. ಆದರೆ ಐಪಿಎಲ್‌ನಲ್ಲಿ ಮೆಗಾ ಹರಾಜು ಬಂದಾಗ ಟೀಂ ಚೆಲ್ಲಾಪಿಲ್ಲಿ ಆಗುತ್ತೆ, ವರ್ಷಕ್ಕೆ ಎರಡು ತಿಂಗಳು ಜೊತೆಗಿದ್ದರೆ ಹೆಚ್ಚು. ಅಲ್ಲಿ ಉತ್ತರ ಹುಡುಕೋದು ಕಷ್ಟ. ಆಸ್ಟ್ರೇಲಿಯಾದಲ್ಲಿ 18ನೇ ವಯಸ್ಸಿಗೆ ಡ್ರಾಫ್ಟ್ ಆದ ಹುಡುಗ ಹತ್ತು ಹದಿನೈದು ವರ್ಷ ಒಂದೇ ಕ್ಲಬ್‌ನಲ್ಲಿ ಇರಬಹುದು. ಇರ್ತಾನಾ, ಹೋಗ್ತಾನಾ ಅನ್ನೋದೇ ನಿಜವಾದ ಪರೀಕ್ಷೆ.

ಗೋಲ್ಡ್ ಕೋಸ್ಟ್ ಈ ಪರೀಕ್ಷೆಯಲ್ಲಿ ವರ್ಷಗಟ್ಟಲೆ ಫೇಲ್ ಆಯ್ತು. ಲೀಗ್ ಅದಕ್ಕೆ ಡ್ರಾಫ್ಟ್‌ನಲ್ಲಿ ಭರ್ಜರಿ ರಿಯಾಯಿತಿ ಕೊಟ್ಟಿತ್ತು, ಆಬ್ಲೆಟ್ ಅಲ್ಲಿದ್ದುಕೊಂಡೇ 2013ರಲ್ಲಿ ಎರಡನೇ ಬ್ರೌನ್‌ಲೋ ಗೆದ್ದ. 2014ರಲ್ಲಿ ಭುಜದ ಗಾಯದಿಂದ ಆತ ಹೊರಗೆ ಕೂತ, ಟೀಂ 12ನೇ ಸ್ಥಾನದಲ್ಲಿ ನಿಂತಿತು. ಆಮೇಲೆ ಒಬ್ಬೊಬ್ಬರೇ ಹೊರಟರು. ಡಿಯೋನ್ ಪ್ರೆಸ್ಟಿಯಾ ರಿಚ್‌ಮಂಡ್‌ಗೆ ಹೋಗಿ ಮೂರು ಕಪ್ ಗೆದ್ದ. 2018ರ ಕೊನೆಗೆ ಇಬ್ಬರು ಜಂಟಿ ಕ್ಯಾಪ್ಟನ್‌ಗಳೂ ಒಟ್ಟಿಗೆ ಬಿಟ್ಟರು. ಟಾಮ್ ಲಿಂಚ್ ರಿಚ್‌ಮಂಡ್‌ನಲ್ಲಿ ಎರಡು ಕಪ್, ಸ್ಟೀವನ್ ಮೇ ಮೆಲ್ಬರ್ನ್‌ನಲ್ಲಿ ಒಂದು ಕಪ್. ಆಬ್ಲೆಟ್ ಕೂಡ 2018ಕ್ಕೆ ಜಿಲಾಂಗ್‌ಗೆ ವಾಪಸ್. ಸ್ಕಿಲ್ ಇಲ್ಲದ ಟೀಂ ಅಲ್ಲ ಅದು, ಸ್ಕಿಲ್ ನಿಲ್ಲದ ಟೀಂ.

2019ರ ಡ್ರಾಫ್ಟ್‌ನ ಮೊದಲ ಎರಡು ಆಯ್ಕೆಗಳು, ಮ್ಯಾಟ್ ರೋವೆಲ್ ಮತ್ತು ನೋವಾ ಆಂಡರ್ಸನ್, ಗೋಲ್ಡ್ ಕೋಸ್ಟ್‌ಗೆ ಬಂದರು. ಇಬ್ಬರೂ ಒಂದೇ ಶಾಲೆಯ ಗೆಳೆಯರು, ಮೆಲ್ಬರ್ನ್ ಹುಡುಗರು. ಇವರೂ ಊರಿಗೆ ವಾಪಸ್ ಹೋಗೋರೇ ಅಂತ ಎಲ್ಲರೂ ಅಂದುಕೊಂಡಿದ್ದರು. ಹೋಗಲಿಲ್ಲ. 2024ಕ್ಕೆ ಹಾರ್ಡ್‌ವಿಕ್ ಕೋಚ್ ಆಗಿ ಬಂದರು. 2025ರಲ್ಲಿ ಆಂಡರ್ಸನ್ ಕ್ಯಾಪ್ಟನ್, ರೋವೆಲ್‌ಗೆ ಬ್ರೌನ್‌ಲೋ, ಗೋಲ್ಡ್ ಕೋಸ್ಟ್ 15ನೇ ಸೀಸನ್‌ನಲ್ಲಿ ಮೊದಲ ಸಲ ನಾಕೌಟ್ ಹಂತಕ್ಕೆ. ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ವಿರುದ್ಧದ ಆ ಪಂದ್ಯ ಒಂದು ಪಾಯಿಂಟ್‌ನಿಂದ ಗೆದ್ದರು. ಕೊನೆಗೆ ಆ ಪಾಯಿಂಟ್ ಒದ್ದವನು ಡೇವಿಡ್ ಸ್ವಾಲೋ. 2010ರ ಡ್ರಾಫ್ಟ್‌ನ ಮೊದಲ ಆಯ್ಕೆ, 2011ರಿಂದ ಎಲ್ಲರೂ ಬಿಟ್ಟುಹೋಗೋದನ್ನು ನೋಡಿಕೊಂಡು ಅಲ್ಲೇ ಉಳಿದವನು, ನಿವೃತ್ತಿಯ ವರ್ಷ. ಸ್ಕಿಲ್ ಪಕ್ಷದವರು ಹೇಳೋದೂ ನಿಜ: ಆತ ಒದ್ದದ್ದು ಗೋಲ್‌ಗೆ, ಚೆಂಡು ಹೋದದ್ದು ಪಕ್ಕದ ಕಂಬದ ಸಂದಿಗೆ.